ಕೂಲಿಮಠವೂ ಮನೆಯ ಬಾಗಿಲೂ

ವಿದ್ಯೆಯೆಂಬುದು ಗುರುಶಿಷ್ಯರಿಬ್ಬರ ಸಂಬಂಧದಿಂದ ಹುಟ್ಟತಕ್ಕದ್ದೆಂದು ನಮ್ಮ ಹಿರಿಯರು ಅಡಿಗಡಿಗೆ ಹೇಳಿರುವರಷ್ಟೆ. ವ್ಯಾಕರಣವನ್ನೋ ತರ್ಕವನ್ನೋ ಓದಲು ಬಂದ ಪ್ರಾಯದ ಶಿಷ್ಯನ ವಿಷಯದಲ್ಲಿ ಈ ಮಾತು ಯಥಾರ್ಥವಾಗಿದೆ. ಆದರೆ ಐದಾರು ವರ್ಷದ ಕೂಸು ಅಕ್ಷರವನ್ನು ತಿದ್ದಲು ಕುಳಿತಾಗ ಅಲ್ಲಿ ಮೂರನೆಯದೊಂದು ಪಕ್ಷವೂ ಉಂಟು. ಅದು ಆ ಕೂಸಿನ ಮನೆ. ಹೊತ್ತಿಗೆ ಸರಿಯಾಗಿ ಎಬ್ಬಿಸಿ ಕಳುಹಿಸುವವಳು ತಾಯಿ; ಕೂಲಿಗೋ ಹೊಲಕ್ಕೋ ಕರೆದುಕೊಂಡು ಹೋಗದೆ ಶಾಲೆಗೆ ಬಿಟ್ಟುಕೊಡುವವನು ತಂದೆ; ಸಂಜೆ ದೀಪದ ಮುಂದೆ ಮಗ್ಗಿಯನ್ನು ಹೇಳಿಸಿ ಕೇಳುವವರು ಅಜ್ಜಿ ಅಜ್ಜಂದಿರು. ಈ ಮೂರನೆಯ ಪಕ್ಷಕ್ಕೆ ಶಾಲೆಯೊಳಗಿನ ಸಂಗತಿಯು ತಿಳಿಯದೆ ಹೋದರೆ ಗುರುವು ಎಷ್ಟೇ ಸಮರ್ಥನಾದರೂ ಅವನ ಶ್ರಮವು ಅರ್ಧವಾಗುತ್ತದೆ.

ಶ್ರೀಮಠದ ಉತ್ಸವದ ಈ ಸ್ಮಾರಕ ಗ್ರಂಥದಲ್ಲಿ ಗುರುಪರಂಪರೆ, ದಾಸೋಹ, ಶಾಸ್ತ್ರವಿಚಾರ ಮೊದಲಾದ ಘನವಾದ ವಿಷಯಗಳನ್ನು ಕುರಿತು ಬರೆಯತಕ್ಕ ವಿದ್ವಾಂಸರು ಅನೇಕರಿದ್ದಾರೆ. ನಾನು ಕಿರಿದಾದ ಒಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಕನ್ನಡ ನಾಡಿನ ಪ್ರಾಥಮಿಕ ಶಾಲೆಯು ಮಕ್ಕಳ ಮನೆಯವರಿಗೆ ತನ್ನ ಸಮಾಚಾರವನ್ನು ಯಾವ ಯಾವ ಬಗೆಯಲ್ಲಿ ತಿಳಿಸುತ್ತ ಬಂದಿತು, ಅವರನ್ನು ತನ್ನ ಕೆಲಸದಲ್ಲಿ ಹೇಗೆ ಸೇರಿಸಿಕೊಂಡಿತು, ಎಲ್ಲಿ ಈ ಕೊಂಡಿಯು ಕಳಚಿತು, ಎಲ್ಲಿ ಮತ್ತೆ ಕೂಡಿತು ಎಂಬುದೇ ಆ ವಿಷಯ. ಅದರಲ್ಲಿಯೂ ಶ್ರಾವಣದಿಂದ ಮಹಾನವಮಿಯವರೆಗಿನ ಕಾಲವನ್ನು ಮುಖ್ಯವಾಗಿ ನೋಡಬೇಕೆಂದಿದ್ದೇನೆ. ಏತಕ್ಕೆಂದರೆ, ಶಾಲೆಯು ಮನೆಯ ಬಾಗಿಲಿಗೆ ತಾನಾಗಿ ಬರುತ್ತಿದ್ದ ಕಾಲವು ನಮ್ಮ ಸಂಪ್ರದಾಯದಲ್ಲಿ ಅದೇ ಆಗಿತ್ತು.

೧. ಶಾಸನಗಳಲ್ಲಿ ಕಾಣುವ ಮೂಲ

ವಿದ್ಯಾಸ್ಥಾನದ ಭಾರವನ್ನು ಊರಿನ ಮನೆಗಳು ಹೊರುತ್ತಿದ್ದುದು ನಮ್ಮಲ್ಲಿ ಬಹು ಹಳೆಯ ಪದ್ಧತಿ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ, ಕ್ರಿ. ಶ. ೯೪೫ರ ಶಾಸನವೊಂದಿದೆ. ಆ ಚಕ್ರವರ್ತಿಯ ಮಂತ್ರಿಯಾದ ನಾರಾಯಣನೆಂಬುವನು ಅಲ್ಲಿ ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ ವಸತಿಗಳಿದ್ದವು. ದೀಪಕ್ಕೂ ಅಧ್ಯಾಪಕನಿಗೂ ಭೂಮಿಯನ್ನು ಬಿಡಲಾಗಿತ್ತು. ಇಷ್ಟು ರಾಜಾಶ್ರಯವಿದ್ದರೂ ಊರಿನವರು ಕೈಕಟ್ಟಿ ಕುಳಿತಿರಲಿಲ್ಲ. ಮನೆಯಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ನಾಣ್ಯವನ್ನು ಶಾಲೆಗೆ ಸಲ್ಲಿಸುವುದೆಂದೂ, ಊರಿನಲ್ಲಿ ಸಂತರ್ಪಣೆಯಾದಾಗ ಗುರುಶಿಷ್ಯರನ್ನು ಕೈಲಾದಷ್ಟು ಮಟ್ಟಿಗೆ ಉಣ್ಣಿಸುವುದೆಂದೂ ಅವರು ಒಡಂಬಟ್ಟರು. ಮನೆಯಲ್ಲಿ ನಡೆಯುವ ಪ್ರತಿಯೊಂದು ಶುಭಕಾರ್ಯದಲ್ಲಿಯೂ ಶಾಲೆಯ ನೆನಪು ಬರುವಂತೆ ಮಾಡಿದ ಈ ಏರ್ಪಾಟು ಎಷ್ಟು ವಿವೇಕದ್ದೆಂಬುದನ್ನು ವಾಚಕರು ಗಮನಿಸಬೇಕು.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಮಠವನ್ನು ವರ್ಣಿಸುವ ೧೧೬೨ರ ಶಾಸನವೂ ವಿದ್ವಜ್ಜನರಿಗೆ ಪರಿಚಿತವಾದದ್ದೇ. ವೇದ, ವ್ಯಾಕರಣ, ದರ್ಶನಗಳ ಪಾಠವೂ, ದೀನರಿಗೂ ಅನಾಥರಿಗೂ ಅನ್ನವೂ, ರೋಗಿಗಳಿಗೆ ಔಷಧವೂ ಒಂದೇ ಆವರಣದಲ್ಲಿ ದೊರೆಯುತ್ತಿದ್ದವೆಂದು ಅದು ತಿಳಿಸುತ್ತದೆ. ಈ ಎರಡು ಸ್ಥಾನಗಳೂ ಉನ್ನತವಾದ ಶಾಸ್ತ್ರವಿದ್ಯೆಗೆ ಮೀಸಲಾಗಿದ್ದವು. ಒಕ್ಕಲಿಗನ, ನೇಕಾರನ, ಬಣಜಿಗನ ಮಗುವು ಅಲ್ಲಿ ಅಕ್ಷರ ಕಲಿಯಿತೆಂದು ಹೇಳಲಾಗದು. ಆದರೂ ಪಾಠ ಹೇಳುವ ಎಡೆಗೆ ‘ಮಠ’ವೆಂಬ ಹೆಸರು ಕನ್ನಡಿಗರ ನಾಲಗೆಯಲ್ಲಿ ನೆಲೆನಿಂತುದಕ್ಕೆ ಇಂಥ ಸ್ಥಾನಗಳೇ ಕಾರಣವಾಗಿರಬೇಕು. ಮುಂದೆ ಊರೂರಿನ ಜಗಲಿಯ ಮೇಲೆ ಹುಟ್ಟಿದ ಸಣ್ಣ ಶಾಲೆಗೂ ಆ ದೊಡ್ಡ ಹೆಸರೇ ಉಳಿದುಬಂದಿತು.

೨. ಕೂಲಿಮಠದ ಸ್ವರೂಪ

ಹಳೆಯ ಮೈಸೂರಿನ ಸೀಮೆಯಲ್ಲಿ ಕೂಲಿಮಠವೆಂದೂ, ತುಳುನಾಡಿನಲ್ಲಿ ಐಗಳ ಮಠವೆಂದೂ, ಧಾರವಾಡ ಬೆಳಗಾವಿಗಳ ಕಡೆಯಲ್ಲಿ ಗಾಂವಠಿ ಶಾಲೆಯೆಂದೂ ಕರೆಯಿಸಿಕೊಳ್ಳುತ್ತಿದ್ದುದು ಒಂದೇ ಬಗೆಯ ಸಂಸ್ಥೆ. ಮಕ್ಕಳ ಮನೆಯವರು ಕೊಡುವ ಕೂಲಿಯಿಂದ ನಡೆಯುತ್ತಿದ್ದುದರಿಂದ ಕೂಲಿಮಠ. ಆ ಕೂಲಿಯೂ ಹಣವಾಗಿಯೇ ಇರಬೇಕೆಂಬ ನಿಯಮವಿರಲಿಲ್ಲ. ಸುಗ್ಗಿಯಲ್ಲಿ ಕೊಳಗ ರಾಗಿಯನ್ನೋ ಜೋಳವನ್ನೋ ಕೊಡುವವರೂ ಇದ್ದರು. ಕಟ್ಟಡವೆಂಬುದು ಪ್ರತ್ಯೇಕವಾಗಿ ಇರುತ್ತಿರಲಿಲ್ಲ. ಊರ ಗುಡಿಯ ಅಂಕಣ, ಮಠದ ಪಡಸಾಲೆ, ಅನುಕೂಲಸ್ಥನ ಮನೆಯ ಜಗಲಿ, ಇವುಗಳಲ್ಲಿ ಯಾವುದಾದರೊಂದು ಸಾಕಾಗಿತ್ತು. ಅನೇಕ ಊರುಗಳಲ್ಲಿ ಪಾಠ ಹೇಳುವವರು ಜಂಗಮ ವರ್ಗದ ಅಯ್ಯನವರಾಗಿರುತ್ತಿದ್ದರು. ಮಠದೊಡನೆ ಇದ್ದ ಈ ನಂಟು ಹೆಸರಿನಲ್ಲಿ ಮಾತ್ರವೇ ಇದ್ದುದಲ್ಲವೆಂಬುದಕ್ಕೆ ಇದೇ ನಿದರ್ಶನ.

ಪಾಠಕ್ರಮವು ಸರಳವಾದದ್ದು. ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದು. ಆಮೇಲೆ ಕಾಗುಣಿತ, ಒತ್ತಕ್ಷರ. ಮಸಿ ಬಳಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯುವುದು. ಮಗ್ಗಿ, ಲೆಕ್ಕ, ಪತ್ರಗಳ ಒಕ್ಕಣೆ. ಕಡೆಗೆ ಕಾವ್ಯಪುರಾಣಗಳ ಬಾಯಿಪಾಠ. ಅಕ್ಷರದ ಆರಂಭಕ್ಕೆ ‘ಓನಾಮ’ವೆಂಬ ಹೆಸರು ಕನ್ನಡದಲ್ಲಿ ಇಂದಿಗೂ ಉಳಿದಿರುವುದು, ಮರಳಿನ ಮೇಲೆ ಮೊದಲು ಬರೆಯಿಸುತ್ತಿದ್ದ ನಮಸ್ಕಾರವಾಕ್ಯದಿಂದಲೇ ಬಂದದ್ದು.

ಈ ಶಾಲೆಯು ಬೀದಿಗೆ ತೆರೆದುಕೊಂಡಿದ್ದುದು ಪ್ರಕೃತ ವಿಷಯಕ್ಕೆ ಮುಖ್ಯವಾದ ಸಂಗತಿ. ಜಗಲಿಯ ಮೇಲೆ ಮಕ್ಕಳು ಒಟ್ಟಾಗಿ ಮಗ್ಗಿಯನ್ನು ಕೂಗುತ್ತಿದ್ದರೆ ನೀರಿಗೆ ಹೋಗುವ ಹೆಂಗಸರೂ, ಎತ್ತು ಹೊಡೆದುಕೊಂಡು ಹೋಗುವ ಗಂಡಸರೂ ಕೇಳುತ್ತಿದ್ದರು. ತನ್ನ ಮಗನ ದನಿಯು ಅದರಲ್ಲಿದೆಯೇ ಇಲ್ಲವೇ ಎಂಬುದು ತಾಯಿಗೆ ತಿಳಿಯುತ್ತಿತ್ತು. ಹುಡುಗನು ಎರಡು ದಿನ ಬಾರದಿದ್ದರೆ ಅಯ್ಯನವರು ಹಿರಿಯ ಹುಡುಗರನ್ನು ಮನೆಗೆ ಕಳುಹಿಸುತ್ತಿದ್ದರು. ಬರಹವಿಲ್ಲದೆಯೇ ಸಮಾಚಾರವು ಮನೆಯಿಂದ ಶಾಲೆಗೂ ಶಾಲೆಯಿಂದ ಮನೆಗೂ ದಿನಂಪ್ರತಿ ಹರಿಯುತ್ತಿತ್ತು.

೩. ಬಳ್ಳಾರಿಯ ಕಲೆಕ್ಟರರ ವರದಿ

ಈ ಪದ್ಧತಿಯ ವಿಷಯದಲ್ಲಿ ನಮಗೆ ದೊರೆಯುವ ಉತ್ತಮವಾದ ಲಿಖಿತ ಸಾಕ್ಷ್ಯವು ಬಳ್ಳಾರಿ ಜಿಲ್ಲೆಯದು. ಆ ಜಿಲ್ಲೆಯು ಆಗ ಮದರಾಸು ಅಧಿಪತ್ಯಕ್ಕೆ ಸೇರಿತ್ತು. ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ಎಂಬುವರು ೧೮೨೨ರಲ್ಲಿ ಎಲ್ಲ ಜಿಲ್ಲೆಗಳ ದೇಶೀಯ ಶಾಲೆಗಳ ಲೆಕ್ಕವನ್ನೂ ತರಿಸಲು ಆಜ್ಞಾಪಿಸಿದರು. ಅದರ ಮೇರೆಗೆ ಬಳ್ಳಾರಿಯ ಕಲೆಕ್ಟರರಾದ ಎ. ಡಿ. ಕ್ಯಾಂಬೆಲ್ಲರು ೧೮೨೩ನೆಯ ಆಗಸ್ಟ್ ತಿಂಗಳಲ್ಲಿ ಕಳುಹಿಸಿದ ವರದಿಯು ಮಿಕ್ಕೆಲ್ಲ ಜಿಲ್ಲೆಗಳ ವರದಿಗಳಿಗಿಂತ ವಿಸ್ತಾರವಾಗಿದೆ. ೯,೨೭,೮೫೭ ಜನರಿದ್ದ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳೂ ೬,೬೪೧ ವಿದ್ಯಾರ್ಥಿಗಳೂ ಇದ್ದರು. ಶಾಲೆಗಳ ಪೈಕಿ ೨೩೫ ಕನ್ನಡದವು, ೨೨೬ ತೆಲುಗಿನವು. ಮಿಕ್ಕವು ಮರಾಠಿ, ಪಾರಸಿ, ತಮಿಳು, ಇಂಗ್ಲಿಷು ಮತ್ತು ಸಂಸ್ಕೃತದವು.

ಲಿಂಗಧಾರಿಗಳ ಮಕ್ಕಳು ಓದುತ್ತಿದ್ದ ಗ್ರಂಥಗಳನ್ನು ಕ್ಯಾಂಬೆಲ್ಲರು ಪ್ರತ್ಯೇಕವಾಗಿ ಹೆಸರಿಸಿರುವುದು ನಮಗೆ ವಿಶೇಷವಾದ ಸಂಗತಿ. ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚೆನ್ನಬಸವೇಶ್ವರ ಪುರಾಣ ಇವು ಆ ಪಟ್ಟಿಯಲ್ಲಿವೆ. ಇಂದು ಪಂಡಿತ ಪರೀಕ್ಷೆಗೆ ಓದತಕ್ಕ ಕೃತಿಗಳು ಅಂದು ಹಳ್ಳಿಯ ಹುಡುಗರ ಬಾಯಲ್ಲಿದ್ದವು. ಆದರೆ ಆ ಹುಡುಗರಿಗೆ ಅವುಗಳ ಅರ್ಥವು ತಿಳಿಯುತ್ತಿರಲಿಲ್ಲವೆಂದೂ, ಆಡುವ ಮಾತಿಗೂ ಓದುವ ಪದ್ಯಕ್ಕೂ ಬಹಳ ಅಂತರವಿತ್ತೆಂದೂ ಅವರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಮಗುವನ್ನು ಶಾಲೆಗೆ ಸೇರಿಸುವ ಕ್ರಮವನ್ನು ಆ ವರದಿಯು ಹೀಗೆ ವಿವರಿಸುತ್ತದೆ. ಮಗುವಿಗೆ ಐದು ವರ್ಷವಾದಾಗ ತಂದೆತಾಯಂದಿರು ಉಪಾಧ್ಯಾಯರನ್ನೂ ಶಾಲೆಯ ಎಲ್ಲ ಮಕ್ಕಳನ್ನೂ ತಮ್ಮ ಮನೆಗೆ ಆಹ್ವಾನಿಸುತ್ತಾರೆ. ಗಣೇಶನ ಮೂರ್ತಿಯ ಸುತ್ತಲೂ ಎಲ್ಲರೂ ಕುಳಿತುಕೊಳ್ಳುತ್ತಾರೆ. ಹೊಸ ಮಗುವನ್ನು ಮೂರ್ತಿಯ ಎದುರಿಗೆ ಕೂರಿಸಿ, ಉಪಾಧ್ಯಾಯರು ಪಕ್ಕದಲ್ಲಿ ಕುಳಿತು, ಧೂಪನೈವೇದ್ಯಗಳಾದ ಮೇಲೆ ಪ್ರಾರ್ಥನೆಯನ್ನು ಹೇಳಿಸಿ, ಅಕ್ಕಿಯಲ್ಲಿ ಬೆರಳಿನಿಂದ ದೇವರ ನಾಮವನ್ನು ಬರೆಯಿಸುತ್ತಾರೆ. ಮನೆಯವರು ಶಕ್ತ್ಯನುಸಾರ ಕಾಣಿಕೆಯನ್ನು ಕೊಟ್ಟು ಕಳುಹಿಸುತ್ತಾರೆ. ಮರುದಿನ ಬೆಳಗ್ಗೆ ಮಗುವು ಶಾಲೆಗೆ ಹೋಗುತ್ತದೆ.

ಇಲ್ಲಿ ಮೊದಲ ಹೆಜ್ಜೆಯನ್ನು ಇಟ್ಟದ್ದು ಯಾರೆಂಬುದನ್ನು ನೋಡಬೇಕು. ಮಗುವು ಶಾಲೆಗೆ ಹೋಗುವುದಕ್ಕೆ ಮುಂಚೆ ಶಾಲೆಯೇ ಮಗುವಿನ ಮನೆಗೆ ಬಂದಿತು. ಉಪಾಧ್ಯಾಯರು ಆ ಮನೆಯ ಬಡತನವನ್ನೋ ಸಿರಿಯನ್ನೋ ಕಣ್ಣಾರೆ ಕಂಡರು. ತಾಯಿಯು ಅವರ ಮುಖವನ್ನು ಕಂಡಳು. ಮಗುವು ನಾಳಿನ ತನ್ನ ಸಹಪಾಠಿಗಳನ್ನು ತನ್ನ ಮನೆಯ ನಡುಮನೆಯಲ್ಲಿಯೇ ಕಂಡಿತು. ಶಾಲೆಯೆಂಬ ಭಯವು ಅರ್ಧಕ್ಕರ್ಧ ಅಲ್ಲಿಯೇ ಕಳೆಯಿತು.

ಶಾಲೆಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುತ್ತಿದ್ದರೆಂದೂ, ಎರಡನೆಯವನಿಗೆ ಸೊನ್ನೆಯೆಂದೂ, ಆಮೇಲೆ ಬಂದವರಿಗೆ ಕ್ರಮವಾಗಿ ಏಟುಗಳು ಹೆಚ್ಚುತ್ತಿದ್ದವೆಂದೂ ಅದೇ ವರದಿಯಿಂದ ತಿಳಿಯುತ್ತದೆ. ಏಟಿನ ಮಾತು ಹಾಗಿರಲಿ. ಅಂಗೈಯಲ್ಲಿದ್ದ ಬರಹವನ್ನು ಮಗುವು ಮಧ್ಯಾಹ್ನ ಉಣ್ಣಲು ಮನೆಗೆ ಹೋದಾಗ ತಾಯಿಯು ಕಾಣದೆ ಇರುತ್ತಿದ್ದಳೇ? ಹಿರಿಯ ಹುಡುಗರು ಕಿರಿಯರಿಗೆ ಕಲಿಸುವ ಕ್ರಮವನ್ನೂ ಕ್ಯಾಂಬೆಲ್ಲರು ಮೆಚ್ಚಿದ್ದಾರೆ. ಮದರಾಸಿನಲ್ಲಿ ಅನಾಥಾಲಯದ ಶಾಲೆಯನ್ನು ನಡೆಸುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಗಳು ಈ ಕ್ರಮವನ್ನೇ ೧೭೯೭ರಲ್ಲಿ ಪುಸ್ತಕರೂಪವಾಗಿ ಪ್ರಕಟಿಸಿದ್ದರಿಂದ ಅದು ‘ಮದರಾಸು ಪದ್ಧತಿ’ಯೆಂದು ಇಂಗ್ಲೆಂಡಿನಲ್ಲಿಯೂ ಪ್ರಸಿದ್ಧವಾಯಿತು.

೪. ಮಹಾನವಮಿಯ ಚೌಪದಿ

ವರ್ಷದಲ್ಲಿ ಒಂದು ಸಲ ಕೂಲಿಮಠವು ಮೆರವಣಿಗೆಯಾಗಿ ಊರನ್ನು ಸುತ್ತುತ್ತಿತ್ತು. ಅದು ನವರಾತ್ರಿಯ ಕಾಲ. ಶ್ರಾವಣ ಭಾದ್ರಪದಗಳ ಮಳೆಯಲ್ಲಿ ಮಕ್ಕಳಿಗೆ ಕೋಲಾಟವನ್ನೂ ಚೌಪದಿಗಳನ್ನೂ ಅಯ್ಯನವರು ಕಲಿಸಿಟ್ಟಿರುತ್ತಿದ್ದರು. ಆಶ್ವಯುಜ ಶುದ್ಧದಲ್ಲಿ ಹುಡುಗರು ಮಡಿಬಟ್ಟೆಯನ್ನುಟ್ಟು, ಬಣ್ಣದ ಕೋಲುಗಳನ್ನು ಹಿಡಿದು, ಅಯ್ಯನವರನ್ನು ಮುಂದಿಟ್ಟುಕೊಂಡು ಮನೆಮನೆಗೂ ಹೋಗುವರು. ಬಾಗಿಲಲ್ಲಿ ನಿಂತು ಚೌಪದಿಯನ್ನು ಹಾಡಿ, ಕೋಲು ಹಾಕಿ, ಮನೆಯವರನ್ನು ಹರಸುವರು. ಮನೆಯವರು ಅಯ್ಯನವರಿಗೆ ಕಾಸನ್ನೋ ಧೋತರವನ್ನೋ ಧಾನ್ಯವನ್ನೋ ಕೊಟ್ಟು, ಮಕ್ಕಳಿಗೆ ಕಡಲೆ ಬೆಲ್ಲವನ್ನು ಹಂಚುವರು. ಆಂಧ್ರ ದೇಶದಲ್ಲಿಯೂ ಇದೇ ಬಗೆಯ ದಸರೆಯ ಪದ್ಯಗಳನ್ನು ಪಂತುಲರ ಹಿಂದೆ ಮಕ್ಕಳು ಹಾಡುತ್ತಿದ್ದರು. ಮಲೆನಾಡಿನ ವೃದ್ಧರ ಬಾಯಲ್ಲಿ ‘ಮಾರ್ನಮಿ ಚೌಪದ’ವೆಂಬ ಹೆಸರು ಇನ್ನೂ ಕೇಳಬರುತ್ತದೆ.

ಇದನ್ನು ಭಿಕ್ಷಾಟನೆಯೆಂದು ಬಗೆದವರುಂಟು. ಅಯ್ಯನವರ ವರ್ಷದ ಬಡತನಕ್ಕೆ ಇದು ಆಧಾರವಾಗಿತ್ತೆಂಬುದೂ ಸುಳ್ಳಲ್ಲ. ಆದರೆ ಇದರ ಪ್ರಯೋಜನವು ಅಷ್ಟಕ್ಕೇ ನಿಲ್ಲುತ್ತಿರಲಿಲ್ಲ. ಪ್ರತಿಯೊಂದು ಮನೆಯ ಮುಂದೆಯೂ ಆ ಮನೆಯ ಹುಡುಗನನ್ನೇ ಮುಂದಕ್ಕೆ ನಿಲ್ಲಿಸಿ ಪದ್ಯವನ್ನು ಹೇಳಿಸುವ ರೂಢಿಯಿದ್ದ ಕಡೆಗಳಲ್ಲಿ ಅದು ಬಹಿರಂಗ ಪರೀಕ್ಷೆಯೇ ಆಗುತ್ತಿತ್ತು. ಉಚ್ಚಾರಣೆಯು ಶುದ್ಧವೋ ಅಶುದ್ಧವೋ, ಧೈರ್ಯವು ಬಂದಿದೆಯೋ ಇಲ್ಲವೋ, ಓರಗೆಯವರ ಸಾಲಿನಲ್ಲಿ ಅವನ ಸ್ಥಾನವೇನು ಎಂಬುದನ್ನು ಅಕ್ಷರವನ್ನರಿಯದ ತಾಯಿಯೂ ಕಣ್ಣಿಂದ ನೋಡಿ ಕಿವಿಯಿಂದ ಕೇಳಿ ಅರಿಯುತ್ತಿದ್ದಳು. ಇಂದಿನ ಪ್ರಗತಿಪತ್ರದಲ್ಲಿ ಬರೆದ ಅಂಕಿಗಳನ್ನು ಓದಲಾರದ ತಾಯಿಯೂ ಚೌಪದಿಯನ್ನು ಓದಬಲ್ಲವಳಾಗಿದ್ದಳು. ಆಯುಧಪೂಜೆಯ ದಿನ ಕಡತವನ್ನೂ ಓಲೆಗರಿಯನ್ನೂ ಪೂಜೆಗೆ ಇಡುವುದು, ವಿಜಯದಶಮಿಯ ದಿನ ಹೊಸ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವುದು, ಇವೆಲ್ಲ ಆ ಮೆರವಣಿಗೆಯ ಬೆನ್ನಿಗೇ ಬರುತ್ತಿದ್ದುದರಿಂದ, ಈ ಸಲ ಕೋಲು ಹಿಡಿದ ಅಣ್ಣನನ್ನು ನೋಡಿದ ತಮ್ಮನು ತಾನಾಗಿಯೇ ಮರಳಿನ ಮುಂದೆ ಬಂದು ಕುಳಿತುಕೊಳ್ಳುತ್ತಿದ್ದನು.

೫. ಹಳೆಯ ಪದ್ಧತಿಯ ಕೊರತೆಗಳು

ಹಳೆಯದನ್ನೆಲ್ಲ ಹೊಗಳಿ ಸುಮ್ಮನಾಗುವುದು ಚರಿತ್ರೆಯಾಗಲಾರದು. ಮೆರವಣಿಗೆಯು ಎಲ್ಲ ಕೇರಿಗಳಿಗೂ ಹೋಗುತ್ತಿರಲಿಲ್ಲ. ಅಸ್ಪೃಶ್ಯರೆಂದು ದೂರವಿಟ್ಟಿದ್ದವರ ಮಕ್ಕಳಿಗೆ ಜಗಲಿಯ ಮೇಲೆ ಎಡೆಯಿರಲಿಲ್ಲ. ಬಳ್ಳಾರಿ ಜಿಲ್ಲೆಯ ೬,೬೪೧ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳು ಅರುವತ್ತು ಜನ ಮಾತ್ರ. ಸ್ತ್ರೀಪುರುಷರಲ್ಲಿಯೂ ಕುಲಗಳಲ್ಲಿಯೂ ಭೇದವೆಣಿಸದ ಶರಣರ ಪುರಾಣಗಳನ್ನು ಬಾಯಿಪಾಠ ಮಾಡುತ್ತಿದ್ದ ಶಾಲೆಗಳಲ್ಲಿಯೇ ಇಂಥ ಸ್ಥಿತಿಯಿದ್ದುದನ್ನು ನೆನೆದರೆ ತಲೆ ತಗ್ಗುತ್ತದೆ.

ಬಡತನದ ಮಾತೂ ಉಂಟು. ಸಾವಿರ ಜನರಲ್ಲಿ ಏಳು ಮಂದಿಯೂ ಶಾಲೆಯಲ್ಲಿ ಇರಲಿಲ್ಲವೆಂದು ಕ್ಯಾಂಬೆಲ್ಲರು ಲೆಕ್ಕ ಹಾಕಿ, ಅದರ ಕಾರಣವನ್ನು ನಿಷ್ಠುರವಾಗಿ ಬರೆದರು. ವಿಲಾಯಿತಿಯ ಬಟ್ಟೆ ಬಂದುದರಿಂದ ನೇಕಾರರ ಜೀವನೋಪಾಯವು ಕುಗ್ಗಿತು. ಮಧ್ಯಮ ಮತ್ತು ಕೆಳಗಿನ ವರ್ಗದ ಜನರು ಮಕ್ಕಳ ವಿದ್ಯೆಗೆ ವೆಚ್ಚ ಮಾಡಲಾರದವರಾದರು. ಎಳೆಯ ಕೈಕಾಲು ಸಣ್ಣ ಕೆಲಸಕ್ಕೆ ಬಂದ ಕೂಡಲೆ ಮಕ್ಕಳ ದುಡಿಮೆಯು ಮನೆಗೆ ಬೇಕಾಯಿತು. ಹಿಂದೆ ಶಾಲೆಯಿದ್ದ ಎಷ್ಟೋ ಊರುಗಳಲ್ಲಿ ಈಗ ಶಾಲೆಯಿಲ್ಲ ಎಂಬುದು ಅವರ ವರದಿಯ ತಾತ್ಪರ್ಯ. ಆದುದರಿಂದ ಮಗುವನ್ನು ಶಾಲೆಯಿಂದ ಬಿಡಿಸಿದ ತಂದೆಯನ್ನು ಅಜ್ಞಾನಿಯೆಂದು ಜರೆಯುವುದಕ್ಕೆ ಮೊದಲು ಅವನ ಮನೆಯ ಒಲೆಯನ್ನು ನೋಡಬೇಕೆಂಬ ಪಾಠವು ಇನ್ನೂರು ವರ್ಷಗಳ ಹಿಂದಿನ ಆ ಕಾಗದದಲ್ಲಿಯೇ ಇದೆ. ಕಾಣಿಕೆಯನ್ನು ನಂಬಿದ ಗುರುವು ಹೆಚ್ಚು ಕೊಡುವ ಮನೆಯ ಹುಡುಗನ ಕಡೆಗೆ ಹೆಚ್ಚು ಒಲಿಯುವ ಅಪಾಯವೂ ಇಲ್ಲದಿರಲಿಲ್ಲ.

೬. ಸರಕಾರದ ಶಾಲೆ

ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯು ೧೮೫೭ರಲ್ಲಿ ಏರ್ಪಟ್ಟಿತು. ೧೮೬೮ರಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿಗೊಂದು ಶಾಲೆಯನ್ನು ಸ್ಥಾಪಿಸುವ ಕಾರ್ಯವು ತೊಡಗಿತು. ಶಾಸನಗಳನ್ನು ಸಂಗ್ರಹಿಸಿದ ವಿದ್ವಾಂಸರೆಂದು ನಾವು ಸ್ಮರಿಸುವ ಆ ಮಹನೀಯರೇ ಹಳ್ಳಿಯ ಮಕ್ಕಳ ಓದನ್ನೂ ಕುರಿತು ಚಿಂತಿಸಿದರು. ೧೮೮೧ರಲ್ಲಿ ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯು ಆರಂಭವಾಗಿ, ಮುಂದೆ ಮಹಾರಾಣಿಯವರ ಹೆಸರಿನಿಂದ ಪ್ರಖ್ಯಾತವಾಯಿತು. ಅದೇ ವರ್ಷದ ಅಕ್ಟೋಬರಿನ ದಸರೆಯಲ್ಲಿ ದಿವಾನ್ ರಂಗಾಚಾರ್ಲು ಅವರು ೧೪೪ ಜನ ಪ್ರತಿನಿಧಿಗಳನ್ನು ಕರೆಯಿಸಿ ಪ್ರಜಾಪ್ರತಿನಿಧಿ ಸಭೆಯನ್ನು ನಡೆಸಿದರು. ಮುಂದಿನ ದಸರೆಗಳಲ್ಲಿ ಊರಿಗೆ ಶಾಲೆ ಬೇಕೆಂಬ ಕೋರಿಕೆಗಳು ಆ ಸಭೆಗೆ ಬರುತ್ತಿದ್ದವು. ಹಳ್ಳಿಯಲ್ಲಿ ಮಹಾನವಮಿಗೆ ಶಾಲೆಯು ಮನೆಗೆ ಬರುತ್ತಿದ್ದಂತೆ, ರಾಜಧಾನಿಯಲ್ಲಿ ಮಹಾನವಮಿಗೆ ಮನೆಯವರ ಅಹವಾಲು ಸರಕಾರಕ್ಕೆ ಹೋಗುವಂತಾದುದು ಒಂದು ಒಳ್ಳೆಯ ಯೋಗ. ಸರ್ ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ೧೯೧೩ರ ಎಲಿಮೆಂಟರಿ ವಿದ್ಯಾಭ್ಯಾಸದ ರೆಗ್ಯುಲೇಷನ್ನಿನ ಮೂಲಕ, ಆಯ್ದ ಸ್ಥಳಗಳಲ್ಲಿ ಶಿಕ್ಷಣವು ಕಡ್ಡಾಯವಾಯಿತು.

ಈ ಶಾಲೆಗಳಿಂದ ಆದ ಮಹೋಪಕಾರವನ್ನು ಯಾರೂ ಮರೆಯಲಾಗದು. ಕೂಲಿ ಕೊಡಲಾರದವನ ಮಗುವಿಗೂ, ಜಗಲಿಯನ್ನು ಹತ್ತಲಾರದವನ ಮಗುವಿಗೂ ಕಾನೂನಿನ ಮೂಲಕ ಬಾಗಿಲು ತೆರೆಯಿತು. ಆದರೆ ಆ ಬಾಗಿಲಿನೊಡನೆ ಗೋಡೆಯೂ ಬಂದಿತು. ಸಂಬಳವು ಖಜಾನೆಯಿಂದ ಬರುವುದರಿಂದ ಉಪಾಧ್ಯಾಯರು ಊರಿನವರಿಗೆ ಉತ್ತರ ಹೇಳಬೇಕಾದ ಪ್ರಮೇಯವು ತಪ್ಪಿತು. ಅವರು ಇನ್ಸ್‌ಪೆಕ್ಟರಿಗೆ ಉತ್ತರ ಹೇಳತಕ್ಕವರಾದರು. ವರ್ಗಾವಣೆಯಾಗಿ ಬಂದವರಿಗೆ ಮನೆಗಳ ಗುರುತು ತಿಳಿಯುವುದರೊಳಗೆ ಮತ್ತೊಂದು ವರ್ಗಾವಣೆಯು ಬರುತ್ತಿತ್ತು. ತಂದೆತಾಯಂದಿರು ‘ನಮ್ಮ ಅಯ್ಯನವರ ಮಠ’ವೆನ್ನುತ್ತಿದ್ದವರು ‘ಸರಕಾರದ ಸ್ಕೂಲು’ ಎನ್ನತೊಡಗಿದರು. ಈ ಎರಡು ಮಾತುಗಳ ನಡುವಣ ದೂರವೇ ನಮ್ಮ ಚರಿತ್ರೆಯ ಮುಖ್ಯವಾದ ತಿರುವು.

ಮುಂಬಯಿ ಅಧಿಪತ್ಯದ ಕನ್ನಡ ಜಿಲ್ಲೆಗಳಲ್ಲಿ ಮತ್ತೊಂದು ಬಗೆಯ ಗೋಡೆಯಿತ್ತು. ಅದು ಭಾಷೆಯದು. ಮನೆಯಲ್ಲಿ ಕನ್ನಡವನ್ನಾಡುವ ಮಕ್ಕಳು ಶಾಲೆಯಲ್ಲಿ ಮರಾಠಿಯನ್ನು ಓದಬೇಕಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರು (೧೮೩೪–೧೮೮೧) ವಿದ್ಯಾ ಇಲಾಖೆಯಲ್ಲಿದ್ದುಕೊಂಡೇ ಧಾರವಾಡ ಬೆಳಗಾವಿಗಳ ಭಾಗದಲ್ಲಿ ಕನ್ನಡ ಶಾಲೆಗಳನ್ನು ಬೆಳೆಸಿ, ಕನ್ನಡ ಉಪಾಧ್ಯಾಯರನ್ನು ತಯಾರಿಸಿದರು. ಅವರ ಕಾರ್ಯವನ್ನು ಭಾಷಾಭಿಮಾನವೆಂದು ಮಾತ್ರ ಹೊಗಳುವುದು ವಾಡಿಕೆ. ನನಗೆ ತೋರುವಂತೆ ಅದರಿಂದ ಮನೆಗಾದ ಉಪಕಾರವೂ ಅಷ್ಟೇ ದೊಡ್ಡದು. ಮಗುವು ಓದುವ ಪಾಠವು ತಾಯಿಗೆ ಅರ್ಥವಾಗುವ ಮಾತಿನಲ್ಲಿದ್ದರೆ ತಾಯಿಯು ಕೇಳಬಲ್ಲಳು, ಮೆಚ್ಚಬಲ್ಲಳು, ತಪ್ಪಿದ್ದರೆ ಗದರಿಸಬಲ್ಲಳು. ತಿಳಿಯದ ಮಾತಿನಲ್ಲಿದ್ದರೆ ಆಕೆಯು ತನ್ನ ಮಗುವಿನ ಮುಂದೆಯೇ ಮೂಕಿಯಾಗುತ್ತಾಳೆ.

ದೂರದ ಹಳ್ಳಿಗಳ ಮಕ್ಕಳಿಗೆ ಮಠಗಳೇ ಮನೆಯಾದ ಸಂಗತಿಯನ್ನು ಇಲ್ಲಿ ಸ್ಮರಿಸದೆ ಇರಲಾಗದು. ಸಿದ್ಧಗಂಗೆಯಲ್ಲಿ ಶ್ರೀ ಉದ್ದಾನ ಶಿವಯೋಗಿಗಳವರು ೧೯೧೭ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದರು. ನಮ್ಮ ಬೆಂಗಳೂರಿನ ಪಶ್ಚಿಮ ದಿಕ್ಕಿನ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ೧೯೦೭ರಲ್ಲಿ ಜನಿಸಿ, ೨೦೧೯ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಅಲ್ಲಿ ಸಹಸ್ರಾರು ಮಕ್ಕಳಿಗೆ ತಂದೆತಾಯಿಗಳ ಸ್ಥಾನದಲ್ಲಿ ನಿಂತರು. ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು ೧೯೪೧ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದರು. ಅನ್ನವೂ ಅಕ್ಷರವೂ ಒಂದೇ ಕೈಯಿಂದ ದೊರೆಯಬೇಕೆಂಬ ಬಳ್ಳಿಗಾವೆಯ ತತ್ತ್ವವು ಹೀಗೆ ಮರುಹುಟ್ಟನ್ನು ಪಡೆಯಿತು.

೭. ಸಮಿತಿಗಳ ಕಾಲ

ಕಳಚಿದ ಕೊಂಡಿಯನ್ನು ಕಾನೂನಿನ ಮೂಲಕ ಕೂಡಿಸುವ ಪ್ರಯತ್ನವು ಈ ಶತಮಾನದ ಆದಿಯಲ್ಲಿ ನಡೆಯಿತು. ವಿಜ್ಞಾನಿಗಳಾದ ಡಾ. ರಾಜಾ ರಾಮಣ್ಣನವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಸರಕಾರವು ನೇಮಿಸಿದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ, ೨೦೦೧ನೆಯ ಏಪ್ರಿಲಿನ ಆಜ್ಞೆಯ ಮೂಲಕ, ಸರಕಾರೀ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟವು. ಮಕ್ಕಳ ತಂದೆತಾಯಂದಿರೇ ಅದರ ಸದಸ್ಯರು. ೨೦೦೯ರ ಶಿಕ್ಷಣ ಹಕ್ಕಿನ ಶಾಸನವು ೨೦೧೦ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದಾಗ, ಇಂಥ ಸಮಿತಿಗಳಲ್ಲಿ ಮುಕ್ಕಾಲು ಪಾಲು ತಂದೆತಾಯಂದಿರೂ ಪೋಷಕರೂ ಇರಬೇಕೆಂದೂ, ಅರ್ಧದಷ್ಟು ಹೆಂಗಸರಿರಬೇಕೆಂದೂ ದೇಶಕ್ಕೆಲ್ಲ ವಿಧಿಯಾಯಿತು. ಜಗಲಿಯ ಮರೆಯಲ್ಲಿ ನಿಂತು ಮಗನ ದನಿಯನ್ನು ಕೇಳುತ್ತಿದ್ದ ತಾಯಿಗೆ ಸಮಿತಿಯಲ್ಲಿ ಪೀಠವು ದೊರೆಯಿತು. ೨೦೦೨ರಲ್ಲಿ ಉತ್ತರದ ಜಿಲ್ಲೆಗಳಲ್ಲಿ ಆರಂಭವಾಗಿ ನಾಡಿಗೆಲ್ಲ ಹಬ್ಬಿದ ಮಧ್ಯಾಹ್ನದ ಊಟದ ಯೋಜನೆಗೆ ‘ಅಕ್ಷರ ದಾಸೋಹ’ವೆಂದು ಶರಣರ ಮಾತಿನಿಂದಲೇ ಹೆಸರಿಟ್ಟರು.

‘ಸಮುದಾಯದತ್ತ ಶಾಲೆ’ಯೆಂಬ ಕಾರ್ಯಕ್ರಮವು ನಮ್ಮ ವಿಷಯಕ್ಕೆ ಇನ್ನೂ ಸಮೀಪವಾದದ್ದು. ಜೂನ್ ತಿಂಗಳಿನಲ್ಲಿ ತೊಡಗಿದ ಪಾಠಗಳ ಪರೀಕ್ಷೆಯು ದಸರೆಯ ಸುಮಾರಿಗೆ ಮುಗಿಯುತ್ತದೆ. ಮಕ್ಕಳು ಬರೆದ ಉತ್ತರಗಳನ್ನು ತಂದೆತಾಯಂದಿರ ಮುಂದಿಟ್ಟು, ಮಗುವು ಎಲ್ಲಿ ಮುಂದಿದೆ, ಎಲ್ಲಿ ಹಿಂದೆ ಬಿದ್ದಿದೆ ಎಂಬುದನ್ನು ಬಾಯಿಮಾತಿನಲ್ಲಿ ತಿಳಿಸುವುದೇ ಇದರ ಉದ್ದೇಶ. ಇದನ್ನು ಬಲ್ಲವರಿಗೆ ಮಹಾನವಮಿಯ ಚೌಪದಿಯು ನೆನಪಿಗೆ ಬಾರದೆ ಇರದು. ಆದರೆ ಒಂದು ಭೇದವುಂಟು. ಅಂದು ಶಾಲೆಯು ಮನೆಗೆ ಹೋಗುತ್ತಿತ್ತು. ಇಂದು ಮನೆಯವರು ಶಾಲೆಗೆ ಬರಬೇಕು. ದಿನಗೂಲಿಯವನು ಆ ದಿನದ ಕೂಲಿಯನ್ನು ಬಿಟ್ಟು ಬರಬೇಕು. ಬಾರದವನನ್ನು ‘ಮಗುವಿನ ಮೇಲೆ ಅಕ್ಕರೆಯಿಲ್ಲದವ’ನೆಂದು ಎಣಿಸುವುದು ಸುಲಭ, ಅದು ನ್ಯಾಯವಲ್ಲ.

೮. ಜಗಲಿಯು ಮರಳಿ ಬಂದುದು

೨೦೨೦ರಲ್ಲಿ ಕೋವಿಡ್ ಮಹಾಮಾರಿಯು ಶಾಲೆಗಳ ಬಾಗಿಲನ್ನು ಮುಚ್ಚಿಸಿತು. ದೂರವಾಣಿಯ ತೆರೆಯ ಮೇಲೆ ಪಾಠ ಹೇಳುವ ಉಪಾಯವು ಅನುಕೂಲಸ್ಥರ ಮಕ್ಕಳಿಗೆ ಸಾಕಾಯಿತು. ಬಡವರ ಮನೆಗಳಿಗೆ ಅದು ತಲಪಲಿಲ್ಲ. ಆಗ ಕರ್ನಾಟಕದ ಶಿಕ್ಷಣ ಇಲಾಖೆಯು ಆಗಸ್ಟ್ ತಿಂಗಳಲ್ಲಿ, ಅಂದರೆ ಶ್ರಾವಣದಲ್ಲಿ, ‘ವಿದ್ಯಾಗಮ’ವೆಂಬ ಕಾರ್ಯಕ್ರಮವನ್ನು ಆರಂಭಿಸಿತು. ಯಾವ ಮನೆಯಲ್ಲಿ ಸ್ಮಾರ್ಟ್‌ಫೋನು ಇದೆ, ಎಲ್ಲಿ ಸಾದಾ ಫೋನು ಮಾತ್ರ ಇದೆ, ಎಲ್ಲಿ ಏನೂ ಇಲ್ಲ ಎಂದು ಉಪಾಧ್ಯಾಯರು ಮನೆಮನೆಯನ್ನು ವಿಚಾರಿಸಿ ಮಕ್ಕಳನ್ನು ಗುಂಪು ಮಾಡಿದರು. ಬಳಿಕ ಗುಡಿಯ ಅಂಗಳ, ಸಮುದಾಯ ಭವನ, ಮರದ ನೆರಳು, ಮನೆಯ ಜಗಲಿಗಳಲ್ಲಿ ಚಿಕ್ಕ ಚಿಕ್ಕ ಗುಂಪುಗಳಿಗೆ ಪಾಠ ಹೇಳಿದರು. ಅದನ್ನು ವಠಾರ ಶಾಲೆಯೆಂದೂ ಕರೆದರು. ನೂರೈವತ್ತು ವರ್ಷಗಳಿಂದ ಗೋಡೆಯೊಳಗಿದ್ದ ಪಾಠವು ಒಮ್ಮೆಲೇ ಕೂಲಿಮಠದ ಜಗಲಿಗೆ ಬಂದು ಕುಳಿತಿತು. ಮಕ್ಕಳಿಗೂ ಉಪಾಧ್ಯಾಯರಿಗೂ ರೋಗವು ತಗಲಿದ ಸಮಾಚಾರಗಳು ಬಂದುದರಿಂದ ಅಕ್ಟೋಬರ್ ತಿಂಗಳಿನಲ್ಲಿ, ದಸರೆಗೆ ಸ್ವಲ್ಪ ಮುಂಚೆ, ಸರಕಾರವು ಅದನ್ನು ನಿಲ್ಲಿಸಬೇಕಾಯಿತು. ಆ ಸೇವೆಯಲ್ಲಿ ಪ್ರಾಣವನ್ನು ಅಪಾಯಕ್ಕೆ ಒಡ್ಡಿಕೊಂಡ ಉಪಾಧ್ಯಾಯವರ್ಗಕ್ಕೆ ನಾಡು ಋಣಿಯಾಗಿದೆ.

ಆ ಎರಡು ತಿಂಗಳುಗಳ ಇತಿಹಾಸವು ಅಲ್ಪವಾದರೂ ಅದರ ಬೋಧೆಯು ದೊಡ್ಡದು. ಮನೆಯ ಸ್ಥಿತಿಯನ್ನು ಅರಿಯದೆ ಪಾಠ ಹೇಳಲಾಗದೆಂಬುದನ್ನು ಇಡೀ ಇಲಾಖೆಯೇ ಒಮ್ಮೆ ಒಪ್ಪಿಕೊಂಡು ಅದರಂತೆ ನಡೆದು ತೋರಿಸಿತು.

೯. ನಮ್ಮ ಗೋವಿಂದರಾಜನಗರ

ಇನ್ನು ನಮ್ಮ ಸುತ್ತಣ ಮಾತು. ಮಾಗಡಿ ರಸ್ತೆಯ ಎರಡು ಮಗ್ಗುಲಲ್ಲಿಯೂ ಹಬ್ಬಿರುವ ಈ ಭಾಗವು ಹಿಂದೆ ಹೊಲಗದ್ದೆಗಳಿಂದ ಕೂಡಿದ ಹಳ್ಳಿಗಳ ನೆಲ. ಅಗ್ರಹಾರ ದಾಸರಹಳ್ಳಿ, ಮಾರೇನಹಳ್ಳಿ, ಮೂಡಲಪಾಳ್ಯ, ಪಟ್ಟೇಗಾರಪಾಳ್ಯ, ನಾಗರಬಾವಿ ಎಂಬ ಹೆಸರುಗಳೇ ಅದಕ್ಕೆ ಸಾಕ್ಷಿ. ಕಾಮಾಕ್ಷಿಪಾಳ್ಯದ ಸಣ್ಣ ಕಾರ್ಖಾನೆಗಳಿಗೂ, ಕಟ್ಟಡದ ಕೆಲಸಗಳಿಗೂ, ಸಿದ್ಧ ಉಡುಪಿನ ಕಾರ್ಖಾನೆಗಳಿಗೂ ಕನ್ನಡ ನಾಡಿನ ನಾನಾ ಜಿಲ್ಲೆಗಳಿಂದ ಬಂದ ಕುಟುಂಬಗಳು ಇಲ್ಲಿ ನೆಲಸಿವೆ. ತಾಯಿತಂದೆಗಳಿಬ್ಬರೂ ಬೆಳಗಾಗುವುದರೊಳಗೆ ಕೆಲಸಕ್ಕೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮರಳುವ ಮನೆಗಳು ಅನೇಕ. ಹಬ್ಬಕ್ಕೆ ಊರಿಗೆ ಹೋದವರು ದೀಪಾವಳಿಯನ್ನೂ ಅಲ್ಲಿಯೇ ಮುಗಿಸಿಕೊಂಡು ಬರುವುದುಂಟು. ಅಷ್ಟರಲ್ಲಿ ಮಗುವಿನ ಪಾಠಗಳು ಮುಂದೆ ಹೋಗಿರುತ್ತವೆ. ಹಿಂದೆ ಬಿದ್ದ ಮಗುವು ನಾಚಿಕೆಯಿಂದಲೇ ಶಾಲೆಯನ್ನು ಬಿಡುತ್ತದೆ. ದಸರೆಯ ರಜೆಯ ಅಂಚಿನಲ್ಲಿ ಹೀಗೆ ಜಾರಿಹೋದ ಮಗುವನ್ನು ಮರಳಿ ತರುವುದು ಬಹಳ ಕಷ್ಟ.

ಸಮಾಚಾರವನ್ನು ತಿಳಿಸುವ ಸಾಧನಗಳಿಗೆ ಇಂದು ಕೊರತೆಯಿಲ್ಲ. ಶಾಲೆಗಳವರು ವಾಟ್ಸಾಪಿನಲ್ಲಿ ಸೂಚನೆಗಳನ್ನು ಕಳುಹಿಸುತ್ತಾರೆ. ಆದರೆ ಆ ಸೂಚನೆಯು ಎಷ್ಟೋ ವೇಳೆ ಇಂಗ್ಲಿಷಿನಲ್ಲಿರುತ್ತದೆ. ಅದು ಬರುವ ಫೋನು ತಂದೆಯ ಜೇಬಿನಲ್ಲಿ ಕಾರ್ಖಾನೆಗೆ ಹೋಗಿರುತ್ತದೆ. ಓದತಕ್ಕವಳಾದ ತಾಯಿಗೆ ಆ ಭಾಷೆಯು ಬಾರದು. ಚನ್ನಬಸಪ್ಪನವರು ಎದುರಿಸಿದ ಗೋಡೆಯೇ ಬೇರೆ ಬಣ್ಣ ಬಳಿದುಕೊಂಡು ಇಲ್ಲಿ ನಿಂತಿದೆ. ಕಳುಹಿಸಿದ್ದೆಲ್ಲ ತಿಳಿಸಿದಂತೆ ಆಯಿತೆಂದು ಭಾವಿಸಲಾಗದು.

ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ಕೂಲಿಮಠವನ್ನು ಮತ್ತೆ ಕಟ್ಟಬೇಕೆಂದು ನಾನು ಹೇಳುವುದಿಲ್ಲ. ಅದರ ಏಟುಗಳೂ, ಅದರ ಕುಲಭೇದವೂ, ಅರ್ಥವರಿಯದ ಬಾಯಿಪಾಠವೂ ಹೋದದ್ದು ಒಳ್ಳೆಯದೇ ಆಯಿತು. ಉಳಿಸಿಕೊಳ್ಳತಕ್ಕವು ಮೂರು. ಮಗುವು ಶಾಲೆಗೆ ಬರುವುದಕ್ಕೆ ಮುಂಚೆ ಗುರುವು ಒಮ್ಮೆ ಅದರ ಮನೆಯನ್ನು ಕಾಣುವುದು ಒಂದು. ಮಗುವಿನ ಓದನ್ನು ತಾಯಿಯ ಮಾತಿನಲ್ಲಿ, ತಾಯಿಯ ಕಣ್ಣೆದುರಿಗೆ, ಆಕೆಗೆ ಬಿಡುವಾದ ಹೊತ್ತಿನಲ್ಲಿ ತೋರಿಸುವುದು ಎರಡು. ಮಹಾನವಮಿಯ ಸಮಯದಲ್ಲಿ ಶಾಲೆಯೇ ಎದ್ದು ಮನೆಗಳ ಕಡೆಗೆ ನಡೆಯುವುದು ಮೂರು.

ಶ್ರೀಮಠದ ಸದ್ಭಕ್ತರಲ್ಲಿ ನನ್ನ ವಿನಂತಿಯು ಇಷ್ಟೇ. ನಿಮ್ಮಲ್ಲಿ ಉಪಾಧ್ಯಾಯರಿದ್ದೀರಿ, ಸಮಿತಿಗಳ ಸದಸ್ಯರಿದ್ದೀರಿ, ನಿವೃತ್ತರಾದ ಹಿರಿಯರಿದ್ದೀರಿ, ಅಕ್ಷರ ಬಲ್ಲ ತಾಯಂದಿರಿದ್ದೀರಿ. ಮುಂದಿನ ನವರಾತ್ರಿಯಲ್ಲಿ ನಿಮ್ಮ ಬೀದಿಯ ಶಾಲೆಯ ಮಕ್ಕಳನ್ನು ಕೂಡಿಸಿ, ಸಂಜೆ ಕೆಲಸದವರು ಮನೆಗೆ ಬಂದ ಹೊತ್ತಿನಲ್ಲಿ, ಉಪಾಧ್ಯಾಯರನ್ನು ಮುಂದಿಟ್ಟುಕೊಂಡು ಹತ್ತು ಮನೆಗಳಿಗೆ ಹೋಗಿರಿ. ಕಾಣಿಕೆಯನ್ನು ಸ್ವೀಕರಿಸಬೇಡಿರಿ, ಕಡಲೆ ಬೆಲ್ಲವನ್ನು ನೀವೇ ಕೊಂಡುಹೋಗಿರಿ. ಸಭೆಗೆ ಬಾರದವರ ಮನೆಯಿಂದಲೇ ಮೊದಲು ಮಾಡಿರಿ. ಹಿಂದೆ ಮೆರವಣಿಗೆಯು ಹೋಗದೆ ಬಿಟ್ಟ ಕೇರಿಗಳನ್ನು ಈ ಸಲ ಬಿಡಬೇಡಿರಿ. ಆ ಮನೆಯ ಮಗುವನ್ನು ಮುಂದೆ ನಿಲ್ಲಿಸಿ ಅದು ಬಲ್ಲ ಪದ್ಯವನ್ನೋ ಮಗ್ಗಿಯನ್ನೋ ಹೇಳಿಸಿರಿ. ರಜೆಯು ಮುಗಿದು ಶಾಲೆಯು ಯಾವ ದಿನ ತೆರೆಯುತ್ತದೆಂಬುದನ್ನು ತಾಯಿಗೆ ಬಾಯಿಮಾತಿನಲ್ಲಿ ಹೇಳಿ ಬನ್ನಿರಿ. ಸಾಲೋಟಗಿಯ ಊರಿನವರು ಸಾವಿರ ವರ್ಷಗಳ ಹಿಂದೆ ತಮ್ಮ ಮನೆಯ ಮದುವೆಯಲ್ಲಿ ಶಾಲೆಯನ್ನು ನೆನೆದರು. ನಾವು ನಮ್ಮ ಮನೆಯ ಹಬ್ಬದಲ್ಲಿ ನೆರೆಯ ಮಗುವಿನ ಓದನ್ನು ನೆನೆದರೆ ಜಂಗಮಸೇವೆಯೂ ದಾಸೋಹವೂ ಅದರಲ್ಲಿಯೇ ಅಡಗಿರುತ್ತವೆ. ಇತಿ ಶಂ.